ವಿಯೆನ್ನಾದ ಅಂಚೆ

'ವಿಯೆನ್ನಾದ ಅಂಚೆ ಇನ್ನೂ ಬಂದಿಲ್ಲ.' ಮುನ್ನೂರು ವರ್ಷಗಳ ಹಿಂದಿನ ಪತ್ರಿಕೆಯ ಈ ಸಾಲಿನ ಮೇಲೆ ಗಾರ್ಗಿಯ ಕಣ್ಣು ನಿಂತುಬಿಟ್ಟಿತು. ಲಂಡನ್ನಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ವಿಂಗಡಿಸುವುದು ಅವಳ ಕೆಲಸ. ಇದು ಹಾಲೆಂಡಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾಗಿ, ಕಡಲು ದಾಟಿ ಇಲ್ಲಿಗೆ ಬಂದದ್ದು. ವಿಯೆನ್ನಾದ ಕಡೆ ಯುದ್ಧ ನಡೆದಿತ್ತು, ಇಲ್ಲಿ ಜನ ಸುದ್ದಿಗಾಗಿ ಹಾತೊರೆಯುತ್ತಿದ್ದರು. ಆದರೂ ಮುದ್ರಕ ಗಾಳಿಮಾತು ತುಂಬಿರಲಿಲ್ಲ. ಬಂದಿಲ್ಲ ಎಂದಷ್ಟೇ ಹಾಕಿದ್ದ.

ಗಾರ್ಗಿಗೆ ಮುಖ ಬಿಸಿಯಾಯಿತು. ಗಂಡ ಭಾರ್ಗವ ಎಬೋಲಾ ರೋಗಿಗಳನ್ನು ನೋಡಿಕೊಳ್ಳಲು ಆಫ್ರಿಕಾದ ಸಿಯೆರಾ ಲಿಯೋನಿಗೆ ಹೋಗಿದ್ದ. ಈ ವಾರ ಅವನಿಂದ ಒಂದು ಮೆಸೇಜೂ ಇಲ್ಲ. ಅತ್ತೆ ಜಯಾಬಾಯಿ ಸಂಜೆ ಬಾಗಿಲಲ್ಲೇ ವಿಚಾರಿಸುತ್ತಿದ್ದರು. ಇವಳು ದಿನಕ್ಕೊಂದು ಸುದ್ದಿ ಕಟ್ಟುತ್ತಿದ್ದಳು. ಹೊಟ್ಟೆ ತುಂಬ ಉಂಡನಂತೆ, ನಿಮ್ಮ ಮೊಣಕಾಲು ಹೇಗಿದೆ ಅಂತ ಕೇಳಿದನಂತೆ.

ಟ್ಯೂಬ್ ರೈಲಿನಲ್ಲಿ ಮನೆಯಿರುವ ಸ್ಟ್ಯಾನ್ಮೋರಿನವರೆಗೂ ಅವತ್ತಿನ ಸುದ್ದಿಯನ್ನು ಹೊಸೆಯುತ್ತಲೇ ಬಂದಳು. ಮನೆಯ ಬಾಗಿಲು ತೆರೆಯಿತು. ಹೊಸೆದದ್ದು ಬಾಯಿಗೆ ಬರಲಿಲ್ಲ.

"ಏನಂತಾನವಾ ಅವ?"

"ಇವತ್ತು ಸುದ್ದಿ ಬಂದಿಲ್ಲ ಅತ್ತೆ. ಈ ವಾರವೇ ಬಂದಿಲ್ಲ."

ಜಯಾಬಾಯಿ ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಳಿತರು. ಇನ್ನು ಬೈಗುಳವೇ ಎಂದು ಗಾರ್ಗಿ ಕಾದಳು.

"ಗೊತ್ತದ. ಹುಟ್ಟಿದಾಗಿಂದ ನನ್ನ ಮೊಣಕಾಲು ಕೇಳಿದಾಂವಲ್ಲ. ಈ ವಾರ ದಿನಾ ಕೇಳ್ಲಿಕ್ಕೆ ಹತ್ಯಾನ! ಅದು ನಿನ್ನ ಮಾತು ಅಂತ ತಿಳಿಯೂದಿಲ್ಲೇನು ನನಗ?"

"ಮತ್ತೆ ಯಾಕೆ ಸುಮ್ಮನಿದ್ರಿ?"

"ಯಾರೋ ಒಬ್ರು ನನ್ನ ಮೊಣಕಾಲು ಕೇಳ್ತಾರಲ್ಲ ಅಂತ, ಕೇಳಿಸ್ಕೋತ ಕೂತೆ." ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಬಾ ಇಲ್ಲೆ. ಒಬ್ಬಾಕಿನ ಎಷ್ಟು ಕಾಯ್ತಿ?"

ಗಾರ್ಗಿ ಕೋಟನ್ನೂ ಬಿಚ್ಚದೆ ಅವರಿಗೆ ಆತು ಕುಳಿತಳು. ವಾರದಿಂದ ಎದೆಯಲ್ಲಿ ಹೊತ್ತದ್ದು ಅರ್ಧ ಇಳಿದಂತಾಯಿತು. ಅಡುಗೆಮನೆಯಲ್ಲಿ ಕುಕ್ಕರ್ ತಾನೇ ಕೂಗಿ ಸುಮ್ಮನಾಯಿತು.

ಆಮೇಲೆ ಯಾವಾಗಲೋ ಫೋನ್ ಮಿಣುಕಿತು. ಗಾರ್ಗಿ ಗಟ್ಟಿಯಾಗಿ ಓದಿದಳು: "ಇಲ್ಲಿ ನೆಟ್‌ವರ್ಕ್ ಸತ್ತಿತ್ತು. ಆರಾಮಿದ್ದೀನಿ. ಅವ್ವಗೆ ಹೇಳು."

ಜಯಾಬಾಯಿ ಫೋನಿನತ್ತ ಬಗ್ಗಿದರು. "ಮೊಣಕಾಲು?"

"ಕೇಳಿಲ್ಲ ಅತ್ತೆ."

"ಹಂಗಾರ ಇದು ಖರೇನ ಅವನ ಮಾತು" ಎಂದ ಜಯಾಬಾಯಿ, ಸೊಸೆಯ ಕೈಯನ್ನೂ ಸೇರಿಸಿಕೊಂಡು ದೇವರಿಗೆ ಕೈ ಮುಗಿದರು.