ಒಂದೇ ಏಟು, ಎರಡು ಚೆಂಡು

ಒಂದೇ ಏಟಿಗೆ ಎರಡು ಚೆಂಡುಗಳನ್ನು ಒಂದೇ ಕುಳಿಗೆ ಹಾಕಿದ ಗಾಲ್ಫ್ ಆಟಗಾರ ಈ ಭೂಮಿಯ ಮೇಲೆ ನಾನೊಬ್ಬನೇ. ನಂಬದವರು ರಿಪ್ಪನ್‌ಪೇಟೆಗೆ ಬಂದು ಒಂಬತ್ತನೇ ಕುಳಿಯನ್ನೇ ವಿಚಾರಿಸಬಹುದು.

ನಮ್ಮದು ಮೂರು ತಾಲೂಕು ಗಾಲ್ಫ್ ಲೀಗ್. ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿ ಎಂಟು ಜನ ಗೆಳೆಯರು, ಎಂಟು ಜನಕ್ಕೆ ಆರು ಕೋಲು, ಹೂವಯ್ಯನ ದನ ಮೇಯುವ ಬ್ಯಾಣದಲ್ಲಿ ಪೈಪಿನ ತುಂಡು ಹುಗಿದು ಮಾಡಿದ ಒಂಬತ್ತು ಕುಳಿ. ಮಳೆ ಹಿಡಿದ ಮೇಲೆ ಕುಳಿಗಳನ್ನು ಕಪ್ಪೆಗಳು ವಹಿಸಿಕೊಳ್ಳುವುದರಿಂದ ಮೇ ತಿಂಗಳ ಕೊನೆಯ ಭಾನುವಾರವೇ ಫೈನಲ್. ಗೆದ್ದವನಿಗೆ ಒಂದು ಸ್ಟೀಲ್ ಚೊಂಬು. ಸೋತು ಕೊನೆಗೆ ಬಿದ್ದವನಿಗೆ ಮಾತ್ರ ಬಸ್ ನಿಲ್ಲುವ ಸರ್ಕಲ್‌ನಲ್ಲಿ ಹತ್ತಡಿ ಫ್ಲೆಕ್ಸು: ಮೇಲೆ ಫೋಟೋ, ಕೆಳಗೆ ‘ಹಾರ್ದಿಕ ಅಭಿನಂದನೆಗಳು’, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಲೀಗಿನಲ್ಲಿ ಕಟ್ಟಕಡೆಯ ಸ್ಥಾನ ಪಡೆದು ಊರಿಗೆ ಕೀರ್ತಿ ತಂದಿದ್ದಕ್ಕಾಗಿ’.

ಎರಡು ವರ್ಷದಿಂದ ಆ ಫೋಟೋ ನನ್ನದೇ. ಹೋದ ವರ್ಷ ನಿಟ್ಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಅತ್ತೆ ವರದಮ್ಮ ಅಳಿಯನ ಮುಖವನ್ನೂ ದಪ್ಪ ಅಕ್ಷರವನ್ನೂ ಕಂಡು, ನಮ್ಮನೆಗೆಂದು ತಂದಿದ್ದ ಪೇಡಾವನ್ನು ಬಸ್ಸಿಗೆಲ್ಲ ಹಂಚಿಬಿಟ್ಟರು. ಸಣ್ಣ ಅಕ್ಷರ ಓದಿದ್ದು ವಾಪಸ್ ಹೋಗುವಾಗ. ಈ ಸಲ “ಬಸ್ಸಿಂದ ನೋಡಾದು ಬೇಡ” ಎಂದು ತಾವೇ ಬ್ಯಾಣಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

ಎಲ್ಲರ ಆಟ ಮುಗಿದು ನನ್ನ ಒಂಬತ್ತನೇ ಕುಳಿಯೊಂದು ಉಳಿದಿತ್ತು. ಅದನ್ನು ಮೂರು ಏಟಿನೊಳಗೆ ಮುಗಿಸಿದರೆ ಫ್ಲೆಕ್ಸು ಸಾಗರದ ಹೇರಂಬನದು, ಇಲ್ಲದಿದ್ದರೆ ನನ್ನದು. ಆ ಕುಳಿ ಇರುವುದು ದಿಬ್ಬದ ಆಚೆ. ಹೊಡೆಯುವ ಜಾಗದಿಂದ ಕಾಣುವುದಿಲ್ಲ.

“ಮೂರಲ್ಲ, ಮೂವತ್ತು ಕೊಟ್ರೂ ಇವನ ಕೈಲಿ ಆಗಲ್ಲ,” ಎಂದ ಹೂವಯ್ಯ. ಅವನು ಲೀಗಿನ ಕಾರ್ಯದರ್ಶಿ. ಫ್ಲೆಕ್ಸು ಮಾಡಿಸುವವನೂ ಅವನೇ.

“ಸುಮ್ನಿರಾ ಹೂವಯ್ಯ,” ಎಂದರು ಅತ್ತೆ. “ನಮ್ಮ ಅಳಿಯಂದ್ರು ಹೆಂಗೆ ನಿಂತಿದಾರೆ ನೋಡು.”

ನಾನು ಕೋಲು ಬೀಸಿದೆ. ಆ ಗಾಳಿಗೆ ಹೇರಂಬನ ಟೋಪಿ ಎದ್ದು ಹೊಸನಗರದ ಕಡೆ ಹೊರಟಿತು. ಚೆಂಡು ಮೇಲೇರಿ, ಕೆಳದಿಯ ದೇವಸ್ಥಾನಕ್ಕೆ ಒಂದು ಪ್ರದಕ್ಷಿಣೆ ಹಾಕಿ, ಎದುರಿಗೆ ಬಂದ ಗಿಡುಗನಿಗೆ ದಾರಿ ಬಿಟ್ಟು, ದಿಬ್ಬದ ಆಚೆ ಇಳಿಯಿತು. ಅಷ್ಟರಲ್ಲಿ ಒಬ್ಬ ಮನುಷ್ಯ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ನಾನೇ ಮೊದಲು ಓಡಿದೆ. ಉಳಿದವರು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಾಗ ಕುಳಿಯ ಬಾವುಟದ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ.

“ಚೆಂಡು ಎಲ್ಲಿ ಮಾರಾಯ?”

“ಎಲ್ಲಿ ಇರ್ಬೇಕೋ ಅಲ್ಲಿ.”

ಹೂವಯ್ಯ ಮಂಡಿಯೂರಿ ಕುಳಿಗೆ ಕೈ ಹಾಕಿದ. ಕೆಂಪು ಬಣ್ಣದಲ್ಲಿ ‘ವಿ’ ಎಂದು ಬರೆದ ನನ್ನ ಚೆಂಡು ಹೊರಬಂತು. ನಾನು ಎಲ್ಲ ದಿಕ್ಕಿಗೂ ಕೈ ಮುಗಿದೆ. ಹೂವಯ್ಯ ಮಾತ್ರ ಏಳಲಿಲ್ಲ. ಮತ್ತೆ ಕೈ ಹಾಕಿದ. ಇನ್ನೊಂದು ಚೆಂಡು ಬಂತು. ಅದರ ಮೇಲೂ ‘ವಿ’. ವರ್ಷದ ಮೊದಲಿಗೆ ಒಬ್ಬೊಬ್ಬರಿಗೆ ಎರಡೆರಡು ಚೆಂಡು ಕೊಟ್ಟು ಅಕ್ಷರ ಬರೆದವನು ಅವನೇ.

“ಇದೆಂತದಾ ವಿನೋದ?”

ನನಗೂ ತಿಳಿಯಲಿಲ್ಲ. ಆದರೆ ನನ್ನ ಬಾಯಿ ನನ್ನ ತಲೆಗಾಗಿ ಎಂದೂ ಕಾದದ್ದಿಲ್ಲ. “ಒಂದೇ ಏಟು, ಎರಡು ಚೆಂಡು. ಜೋಡಿಸಿಟ್ಟು ಹೊಡ್ದೆ. ನೀವು ಸರಿಯಾಗಿ ನೋಡ್ಲಿಲ್ಲ.”

“ಚೆಂಡು ಮರಿ ಹಾಕ್ತು ಅನ್ನು ಮಾರಾಯ,” ಎಂದ ಹೇರಂಬ. “ಬೇಕಾದ್ರೆ ಅದನ್ನ ನಂಬ್ತೀನಿ.”

ಎಲ್ಲರೂ ನಕ್ಕರು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಎರಡೂ ಚೆಂಡುಗಳನ್ನು ಸೆರಗಿನಲ್ಲಿ ಒರೆಸಿ ಹಿಡಿದುಕೊಂಡು, ಚೀಲದಿಂದ ಫೋನ್ ತೆಗೆದರು. “ನಿಟ್ಟೂರಿಗೆ ಹೇಳ್ತೀನಿ. ಹೋದ್ ವರ್ಷ ಪೇಡಾ ತಿಂದು ನಗಾಡಿದ್ರಲ, ಅವ್ರಿಗೇ ಮೊದ್ಲು. ಹೌದು ತಾನೆ ಅಳಿಯಂದ್ರೇ? ನೀವು ಹೂಂ ಅಂದ್ರೆ ಸಾಕು.”

ಮೂರು ತಾಲೂಕಿನಲ್ಲಿ ನನ್ನ ಮಾತು ನಂಬುವ ಒಂದೇ ಒಂದು ಜೀವ ಫೋನ್ ಹಿಡಿದು ಕಾಯುತ್ತಿತ್ತು.

“ಹೇಳ್ಬೇಡಿ ಅತ್ತೆ,” ಎಂದೆ. “ಒಂದನ್ನ ನಾನೇ ಜೇಬಿಂದ ಬಿಟ್ಟೆ. ಹೊಡೆಯುವಾಗ ಕಣ್ಣು ಮುಚ್ಚಿದ್ದೆ, ಚೆಂಡು ಎತ್ಲಾಗೆ ಹೋಯ್ತು ಅಂತ್ಲೇ ಗೊತ್ತಾಗ್ಲಿಲ್ಲ. ಹುಲ್ಲಲ್ಲೆಲ್ಲ ಹುಡುಕ್ದೆ, ಸಿಗ್ಲಿಲ್ಲ. ಇನ್ನೊಂದನ್ನ ಕುಳಿ ಹತ್ರ ಇಟ್ಟಿದ್ರೂ ಸಾಕಿತ್ತು. ಸುಳ್ಳು ಹೇಳೋದೇ ಆದ್ರೆ ಸಣ್ಣದ್ಯಾಕೆ ಅಂತ ಸೀದಾ ಒಳಗೇ ಬಿಟ್ಟೆ. ಇವ್ರೆಲ್ಲ ಬಂದ್ರೇನೋ ಅಂತ ದಿಬ್ಬದ ಕಡೆ ನೋಡ್ತಾ ಬಿಟ್ಟೆ, ಕುಳಿ ಒಳಗೆ ನೋಡ್ಲೇ ಇಲ್ಲ. ಟಕ್ ಅಂತು. ಕಲ್ಲು ಅನ್ಕಂಡೆ.”

“ಕಲ್ಲಲ್ವಾ?” ಎಂದ ಹೂವಯ್ಯ.

“ಅಲ್ಲ ಕಣೋ, ನಾನು ಹೊಡೆದ ಚೆಂಡು. ಅದು ಮೊದ್ಲೇ ಅಲ್ಲಿ ಬಂದು ಕೂತಿತ್ತು. ಒಂದೇ ಏಟಿಗೆ. ನಿಜವಾಗ್ಲೂ.”

ಹೂವಯ್ಯ ಎದ್ದು ಮಂಡಿಯ ಮಣ್ಣು ಕೊಡವಿದ. “ಜೇಬಿಂದ ಬಿಟ್ಟಿದ್ದು ಪೂರ್ತಿ ನಂಬ್ತೀನಿ. ಇನ್ನೊಂದರ ಕತೆ ಬೇಡ ಮಾರಾಯ,” ಎಂದವನು ಫ್ಲೆಕ್ಸಿನ ಫೋಟೋಕ್ಕೆಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ.

ಅತ್ತೆ ತಮ್ಮ ಫೋನನ್ನು ಚೀಲಕ್ಕೆ ಹಾಕಿಕೊಂಡರು. ಚೆಂಡುಗಳನ್ನು ನನ್ನ ಎರಡು ಕೈಗೆ ಒಂದೊಂದು ಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನೇ ನೋಡಿದರು.

“ಹೋದ್ ವರ್ಷದ ಫೋಟೋದಲ್ಲೂ ಮುಚ್ಕಂಡಿದ್ರಿ,” ಎಂದರು. “ಈ ಸಲನಾದ್ರೂ ಕಣ್ಣು ಬಿಡಿ ಅಳಿಯಂದ್ರೇ.”