ಅಲಸಂದೆಬಾಕ

"ಚೆನ್ನಾಗಿದೀರಾ ಯಜಮಾನ್ರೇ? ಮನೇಲಿ ಎಲ್ರೂ ಕ್ಷೇಮವಾ?"

ಜುಮಾನ ಜಾರಾ ಬೆಚ್ಚಿಬಿದ್ದ. ಸೇಗು ಪೇಟೆಯಲ್ಲಿ ಜಾರಾ ಮನೆತನದವರಿಗೂ ತ್ರಾವೊರೆ ಮನೆತನದವರಿಗೂ ತಲೆತಲಾಂತರದಿಂದ ಸಲಿಗೆಯ ಬೈಗುಳವೇ ನಮಸ್ಕಾರ. ಈ ಫಾದಿಗಿ ತ್ರಾವೊರೆಯಂತೂ ಇವನ ಮದುವೆಯ ದಿನವೂ "ಅಲಸಂದೆಬಾಕ" ಎಂದೇ ಕೂಗಿದವನು. ಈಗ ಇದ್ದಕ್ಕಿದ್ದಂತೆ ಯಾಕೆ ಈ ಮರ್ಯಾದೆ? ತನ್ನಿಂದೇನು ತಪ್ಪಾಯಿತು? ಯಾರಾದರೂ ಚಾಡಿ ಹೇಳಿದರೇ?

ಜುಮಾನನಿಗೆ ತಡೆಯಲಾಗಲಿಲ್ಲ. "ಲೋ ಅಲಸಂದೆಬಾಕ! ನನ್ನನ್ನ ಯಜಮಾನ್ರೇ ಅಂತೀಯೇನೋ?"

ಫಾದಿಗಿಯ ಮುಖ ಅರಳಿತು. "ಅಯ್ಯೋ, ನೀನೇನೋ, ನನ್ನ ಗುಲಾಮ! ಹಾಳು ಗಾಳಿ ಕಣೋ. ಈ ಧೂಳಲ್ಲಿ ಎದುರಿಗಿದ್ದೋರೇ ಕಾಣಲ್ಲ."

ಜುಮಾನ ತಲೆಯೆತ್ತಿದ. ಮರುಭೂಮಿಯ ಗಾಳಿ ನಿಂತು ವಾರವಾಗಿತ್ತು. ನದಿಯ ಆಚೆ ದಡದ ದೋಣಿಗಳೂ ನಿಚ್ಚಳವಾಗಿದ್ದವು.

"ಹೂಂ ಕಣೋ, ಭಾರೀ ಧೂಳು," ಎಂದು ಅವನ ಕೈ ಹಿಡಿದುಕೊಂಡ.