ಕಾಕಾನ ಸಿನಿಮಾ

ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯುವ ವಾಸನೆಗೆ ಈಗಲೂ ನನಗೆ ಉದಗೀರದ ಆ ಟಾಕೀಸು ನೆನಪಾಗುತ್ತದೆ.

ನಮ್ಮ ಕಾಕಾ, ಅಪ್ಪನ ತಮ್ಮ, ಕವಿಯಾಗಿದ್ದ. ಭೂಕಂಪದಲ್ಲಿ ಸತ್ತ ಅವನ ಬದುಕನ್ನು ಯಾರೋ ಮರಾಠಿಯಲ್ಲಿ ಸಿನಿಮಾ ಮಾಡಿದರು. ಅಜ್ಜಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮಗನನ್ನು ನೋಡಲು ಬಂದಳು. ಪರದೆಯ ಮೇಲೆ ಕಾಕಾ ಕುಡಿದ, ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿದ, ಗೋಡೆಗೆ ತಲೆ ಚಚ್ಚಿಕೊಂಡು ಅತ್ತ.

“ಹಿಂಗೇ ಮಾಡ್ತಿದ್ದ ನೋಡು,” ಎಂದು ಅಜ್ಜಿ ನನ್ನ ಕೈ ಹಿಡಿದಳು.

ಕೊನೆಗೆ ಭೂಕಂಪ ಬಂತು. ಕುಸಿದ ಮನೆಗಳ ತೊಲೆಗಳನ್ನೇ ಒಟ್ಟಿ, ಊರಿನ ಹೆಣಗಳ ನಡುವೆ ಕಾಕಾನನ್ನೂ ಮಲಗಿಸಿ ಬೆಂಕಿ ಹಚ್ಚಿದರು.

ಅಜ್ಜಿ ನನ್ನ ಕೈ ಬಿಟ್ಟಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಭೂಕಂಪದಲ್ಲಿ ಕಾಲು ಮುರಿದು ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ ಅಜ್ಜಿಗೆ, ಕಾಕಾನನ್ನು ಹಾಗೇ ಮಣ್ಣು ಮಾಡಿದೆವೆಂದು ಅಪ್ಪ ಹೇಳಿದ್ದ. ಹೊಲದಲ್ಲಿ ಕಾಕಾನ ಸಮಾಧಿಯೆಂದು ಅಪ್ಪ ಕಟ್ಟಿಸಿದ ಗದ್ದುಗೆಗೆ ಅವಳು ಪ್ರತಿ ಸೋಮವಾರ ನೀರೆರೆದು ಬಿಲ್ವಪತ್ರಿ ಏರಿಸುತ್ತಿದ್ದಳು.

“ಸಿನಿಮಾದಾಗ ಇಲ್ಲದ್ದೆಲ್ಲಾ ತೋರಸ್ತಾರವ್ವಾ,” ಎಂದ ಪಕ್ಕದಲ್ಲಿ ಕೂತಿದ್ದ ಅಪ್ಪ.

“ಬಾಕಿ ಎಲ್ಲಾ ಖರೇನೇ ತೋರಸ್ಯಾರಲ್ಲೋ.”

ದೀಪಗಳು ಹತ್ತಿದವು. ಬೆವರಿಗೆ ಅಜ್ಜಿಯ ವಿಭೂತಿ ಹುಬ್ಬಿನವರೆಗೆ ಇಳಿದಿತ್ತು. ಅವಳು ಮೆಲ್ಲಗೆ ಕೇಳಿದಳು:

“ಹಂಗಾದ್ರ ನಾ ಪತ್ರಿ ಏರಸೋದು ಯಾರಿಗೋ?”